ಹಿಂದಿನ ಬೆಂಚಿನಲ್ಲಿ ಕೂತ ಲಾಂಡ್ರಿಯವನು

ಮಳೆಗಾಲ ಬಂತೆಂದರೆ ಲಾಂಡ್ರಿ ಅಂಗಡಿಯವನಿಗೆ ತಲೆನೋವು. ಒಳಕೋಣೆಯಲ್ಲಿ ಹಗ್ಗ ಕಟ್ಟಿ, ಹೀಟರ್ ಹಾಕಿ, ಕಾವು ಹೊರಗೆ ಹೋಗದಿರಲೆಂದು ಕಿಟಕಿಯ ಸಂದಿಗೆಲ್ಲ ಹಳೆಯ ಬಟ್ಟೆ ತುರುಕಿದ್ದ. ಆದರೂ ಅಂಗಿಗಳು ಒಣಗುತ್ತಿರಲಿಲ್ಲ, ಮುಗ್ಗಲು ವಾಸನೆ ಬೇರೆ. ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ಮಗಳು ಗಿಳಿ ಹಾಡುತ್ತಾ ಕುಣಿದರೆ ಸಿಟ್ಟು ಬಾರದೆ ಇರುತ್ತದೆಯೇ?

"ಏನೇ ಗಿಳಿ, ಓದೋದು ಬಿಟ್ಟು ಹಾಡ್ತಾ ಇದ್ದೀಯ?"

"ಇದೇ ಓದು ಅಪ್ಪಾ! ವಿಜ್ಞಾನದ ಪಾಠ. ಟೀಚರ್ ವಿಡಿಯೋ ತೋರಿಸಿ ಹಾಡು ಹೇಳಿಕೊಟ್ರು."

"ಸಿನಿಮಾ ನೋಡೋಕಾ ನಿನ್ನ ಸ್ಕೂಲಿಗೆ ಕಳಿಸಿದ್ದು? ನಾಳೇನೇ ಬಿಡಿಸಿ ಬೇರೆ ಸ್ಕೂಲಿಗೆ ಹಾಕ್ತೀನಿ!"

ಗಿಳಿಯ ಮುಖ ಬಾಡಿತು. ಹೋದ ವರ್ಷ ವಿಜ್ಞಾನವೆಂದರೆ ಹೊಟ್ಟೆನೋವೆಂದು ಮಲಗುತ್ತಿದ್ದ ಹುಡುಗಿ ಅವಳು. ಈ ಟೀಚರ್ ಬಂದ ಮೇಲೆ ಎಲ್ಲರಿಗಿಂತ ಮೊದಲು ಚೀಲ ಹೆಗಲಿಗೇರಿಸುತ್ತಿದ್ದಳು. ಕೆಲಸದ ಗಡಿಬಿಡಿಯಲ್ಲಿ ಅಪ್ಪ ಅದನ್ನು ಗಮನಿಸಿರಲೇ ಇಲ್ಲ.

ಮರುದಿನ ಅಪ್ಪ ತೋಳೇರಿಸಿಕೊಂಡೇ ಶಾಲೆಗೆ ಹೋಗಿ, ಮಗಳ ವರ್ಗಾವಣೆ ಪತ್ರ ಕೊಡಿ ಎಂದ.

"ಟಿ.ಸಿ. ತಾನೇ, ಕೊಡೋಣ ಅಣ್ಣಾ," ಎಂದರು ಟೀಚರ್. "ಒಂದು ಪಾಠ ಕೂತು ನೋಡಿ, ಆಮೇಲೆ ಬೈಯೋರಂತೆ."

ಅಪ್ಪ ಹಿಂದಿನ ಬೆಂಚಿನಲ್ಲಿ ಮುದುರಿ ಕೂತ. ಗೋಡೆಯ ಮೇಲೆ ವಿಡಿಯೋ ಶುರುವಾಯಿತು. ಒದ್ದೆ ಬಟ್ಟೆಯಿಂದ ನೀರಿನ ಕಣಗಳು ಗಾಳಿಗೆ ಹಾರುತ್ತಿದ್ದವು. ಟೀಚರ್ ಅದನ್ನು ಪಟ್ಟನೆ ನಿಲ್ಲಿಸಿದರು.

"ಕೋಣೆ ಮುಚ್ಚಿದ್ರೆ ಬಟ್ಟೆ ಬೇಗ ಒಣಗುತ್ತಾ, ತೆರೆದಿಟ್ರಾ?"

"ಮುಚ್ಚಿದ್ರೆ! ಕಾವು ನಿಲ್ಲುತ್ತಲ್ಲ!" ಮಕ್ಕಳಿಗಿಂತ ಮೊದಲು ಅಪ್ಪನೇ ಕೂಗಿಬಿಟ್ಟ. ತರಗತಿಯೆಲ್ಲ ಘೊಳ್ಳೆಂದಿತು.

"ನೋಡೇ ಬಿಡೋಣ," ಎಂದ ಟೀಚರ್ ಎರಡು ತೆಳು ಕರವಸ್ತ್ರ ಒದ್ದೆ ಮಾಡಿಸಿದರು. ಒಂದನ್ನು ಗಾಜಿನ ಜಾಡಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬಿಸಿ ಬಲ್ಬಿನ ಪಕ್ಕ ಇಟ್ಟರು. ಇನ್ನೊಂದನ್ನು ಫ್ಯಾನಿನ ಕೆಳಗೆ ಹರವಿದರು. ಅಷ್ಟರಲ್ಲಿ ಗಿಳಿ ಹಾಡು ಎತ್ತಿದಳು, ಎಲ್ಲರೂ ದನಿಗೂಡಿಸಿದರು:

"ನೀರು ಆವಿಯಾಗಿ ಏಳಬೇಕು,
ಅದಕೆ ಗಾಳಿಯಲ್ಲಿ ಜಾಗ ಬೇಕು!
ತೇವದ ಗಾಳಿ ಹೊರಗೆ ಹೋಗಲಿ,
ಹೊಸ ಗಾಳಿ ಒಳಗೆ ಬರಲಿ!"

ಪಾಠ ಮುಗಿಯುವ ಹೊತ್ತಿಗೆ ಜಾಡಿಯ ಒಳಮೈ ಬೆವರಿತ್ತು. ಅದರೊಳಗಿನ ಕರವಸ್ತ್ರ ಇನ್ನೂ ತೊಪ್ಪೆ, ಫ್ಯಾನಿನ ಕೆಳಗಿನದು ಗರಿಗರಿ. ಅಪ್ಪ ಎರಡನ್ನೂ ಮುಟ್ಟಿ ಮುಟ್ಟಿ ನೋಡಿದ.

"ಅಯ್ಯೋ, ನನ್ನ ಅಂಗಡಿಯೇ ಈ ಜಾಡಿ ಆಗಿದೆಯಲ್ಲ ಮೇಡಂ!"

ಟೀಚರ್ ನಕ್ಕರು. "ಬರೀ ವಿಡಿಯೋ ಹಾಕಿ ನಾನು ಸುಮ್ನೆ ಕೂತ್ರೆ ಅದು ಪಾಠ ಅಲ್ಲ ಅಣ್ಣಾ. ಸ್ವಲ್ಪ ತೋರಿಸ್ತೀನಿ, ನಿಲ್ಲಿಸಿ ಪ್ರಶ್ನೆ ಕೇಳ್ತೀನಿ, ಕೈಯಾರೆ ಮಾಡಿಸ್ತೀನಿ. ಕಲಿತದ್ದು ಮರೆಯದೇ ಇರಲಿ ಅಂತ ಹಾಡು. ಈಗ ಹೇಳಿ, ಟಿ.ಸಿ. ಬರೀಲಾ?"

ಗಿಳಿ ಅಪ್ಪನ ಪಕ್ಕಕ್ಕೆ ಬಂದು ನಿಂತಳು.

"ಯಾವ ಟಿ.ಸಿ. ಮೇಡಂ! ಇವಳು ಇಲ್ಲೇ ಓದ್ಲಿ," ಎಂದ ಅಪ್ಪ, ಮಗಳ ಕಡೆ ತಿರುಗಿದ. "ಸಂಜೆ ಅಂಗಡಿಗೆ ಬಾರೇ. ಗಾಳಿಗೆ ಎಲ್ಲೆಲ್ಲಿ ದಾರಿ ಬಿಡ್ಬೇಕು ಅಂತ ನೀನೇ ಹೇಳು."

ಗಿಳಿಗೆ ಹಿಡಿಸಲಾರದಷ್ಟು ಖುಷಿ.

ಅಪ್ಪ ಅಮ್ಮಂದಿರೇ, ನಿಮ್ಮ ಮಗು ಪಾಠವನ್ನು ಹಾಡುತ್ತಿದ್ದರೆ ಗದರಬೇಡಿ. "ಏನದು, ನನಗೂ ಹೇಳಿಕೊಡು" ಅನ್ನಿ. ಬಿಡುವಾದಾಗ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿ. ಟೀಚರ್ ಪ್ರಶ್ನೆ ಕೇಳಿದರೆ ನಾಚಬೇಡಿ, ತಪ್ಪು ಉತ್ತರವನ್ನಾದರೂ ಜೋರಾಗಿ ಹೇಳಿ!