ಇಪ್ಪತ್ತೆರಡು ಡಬ್ಬಿ

ಎಡದಂಡೆ ಕಾಲುವೆ ಒಣಗಿದ ವರ್ಷ ಗಂಗಾವತಿಯ ಬೇಸಿಗೆ ಭತ್ತವನ್ನು ಉಳಿಸಿದವನು ನಾನು. ಮುಂಜಾನೆ ದಂಡೆಯ ಮೇಲೆ ಲುಂಗಿ ಎತ್ತಿ ನಿಂತೆ, ಕಾಲುವೆ ತುಂಬಿತು. ಕೆಳಗಿನ ಹಳ್ಳಿಯವರು ಸಾಕು ನಿಲ್ಲಿಸಪ್ಪಾ ಎಂದು ಕೈ ಮುಗಿದರು. ಅವರ ಗದ್ದೆ ಮುಳುಗುತ್ತಿತ್ತು. ನಂಬದಿದ್ದರೆ ನಮ್ಮ ಅಕ್ಕಿ ಗಿರಣಿಯ ಹಮಾಲರನ್ನು ಕೇಳಿ. ದಿನಕ್ಕೆ ಹದಿನೈದು ಸಲ ಗೋಡೆಯ ಹಿಂದೆ ಹೋಗುವ ಗಂಡಸು ಈ ತಾಲೂಕಿನಲ್ಲಿ ನಾನು, ಈ ಶಬ್ಬೀರನೊಬ್ಬನೇ.

ಅದಕ್ಕೇ ಆ ಕೆಲಸ ನನಗೆ ಬಂತು.

ನಮ್ಮ ಟೋಳಿಯಲ್ಲಿ ಇಪ್ಪತ್ತೆರಡು ಹಮಾಲರು. ಆಸ್ಪತ್ರೆ ವಿಮೆಯ ಕಂತಿನಲ್ಲಿ ಅರ್ಧ ಗಿರಣಿ ಸಾಹುಕಾರ ಕಟ್ಟುತ್ತಿದ್ದ, ಅರ್ಧ ನಮ್ಮ ಪಗಾರದಲ್ಲಿ ಹಿಡಿಯುತ್ತಿದ್ದ. ಕಂತು ವರ್ಷ ವರ್ಷ ಏರಿತು. ಈ ಸಲ ಸಾಹುಕಾರ ಹೊಸ ಕಾಯಿದೆ ತೆಗೆದ: ಎಲ್ಲರ ಉಚ್ಚೆ ಪರೀಕ್ಷೆ, ಸಕ್ಕರೆ ಇದ್ದವರ ಹೆಸರಿಗೆ ವಿಮೆ ಪಟ್ಟಿಯಲ್ಲಿ ಕಾಟು. ರೋಗದವರನ್ನು ತೆಗೆದರೆ ಕಂಪನಿ ದರ ಇಳಿಸುತ್ತದಂತೆ.

ಗ್ಯಾನಪ್ಪ ಕಾಕಾನಿಗೆ ಸಕ್ಕರೆ ಇರುವುದು ಟೋಳಿಗೆಲ್ಲ ಗೊತ್ತು. ಮೂವತ್ತು ವರ್ಷ ಚೀಲ ಹೊತ್ತು ಅವನ ತೊಡೆಸಂದಿಯಲ್ಲಿ ಕರುಳು ಇಳಿದು ಗಂಟಾಗಿತ್ತು. ನಾನು ಕುಂಬಳಕಾಯಿಯಷ್ಟು ಎನ್ನುತ್ತೇನೆ, ಡಾಕ್ಟರು ನಿಂಬೆಹಣ್ಣಿನಷ್ಟು ಎಂದರು. ಸೋಮವಾರ ಆಪರೇಷನ್. ಪಟ್ಟಿಯಿಂದ ಹೆಸರು ಹೋದರೆ ಆಪರೇಷನ್ನೂ ಹೋಯಿತು.

ಪರೀಕ್ಷೆಗೆ ಕೊಟ್ಟಿದ್ದ ಎಲ್ಲರ ಉಚ್ಚೆ ಡಬ್ಬಿಯನ್ನೂ ಜಡ್ಡಿಲ್ಲದ ಒಬ್ಬನೇ ತುಂಬಲಿ ಎಂದು ಟೋಳಿ ತೀರ್ಮಾನಿಸಿತು. ಹುಲಿಯ ಹಾಲು ಕುಡಿದು ಬೆಳೆದವನೆಂದು ಹತ್ತು ವರ್ಷದಿಂದ ಹೇಳಿಕೊಂಡು ತಿರುಗಿದವನು ನಾನು. ಎಲ್ಲರೂ ನನ್ನನ್ನೇ ನೋಡಿದರು. ಎದೆ ಉಬ್ಬಿಸಿ ಒಪ್ಪಿದೆ. ತವುಡಿನ ರಾಶಿಯ ಹಿಂದೆ ನಿಂತು ಎರಡು ತಂಬಿಗೆ ನೀರಿನ ಬಲದಲ್ಲಿ ಇಪ್ಪತ್ತೆರಡೂ ತುಂಬಿದೆ. ನನ್ನ ರಭಸಕ್ಕೆ ಡಬ್ಬಿಗಳ ಹೊರಗೂ ಹರಿಯಿತು. ಕಸ ಗುಡಿಸುವ ಹುಲಿಗವ್ವ ಆಚೆಯಿಂದಲೇ, ಮೋಟರ ಬಂದ್ ಮಾಡೋ ಮಾರಾಯಾ ಎಂದಳು.

ಡಬ್ಬಿಗಳನ್ನು ಆಫೀಸಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಮಧ್ಯಾಹ್ನ ವಿಮೆಯವನು ಬರುವಷ್ಟರಲ್ಲಿ ಇರುವೆ ಬಂದಿದ್ದವು. ಗೋಡೆಯ ಬಿರುಕಿನಿಂದ ಇಳಿದ ಕರಿ ಸಾಲು ಮೊದಲನೆಯ ಡಬ್ಬಿ ಹತ್ತಿ, ಎರಡನೆಯದಕ್ಕೆ ದಾಟಿ, ಇಪ್ಪತ್ತೆರಡನೆಯದರ ತನಕ ಹೋಗಿತ್ತು. ಒಂದನ್ನೂ ಬಿಟ್ಟಿರಲಿಲ್ಲ.

"ಇಪ್ಪತ್ತೆರಡು ಮಂದಿಗೂ ಸಕ್ರಿ ಹೆಂಗಲೇ? ಎಲ್ಲಾ ಒಬ್ಬನ ಉಚ್ಚಿ, ಸೂಳೇಮಕ್ಳ," ಎಂದ ಸಾಹುಕಾರ. "ನನ್ನ ಕಣ್ಣ ಮುಂದ ಹೊಯ್ರಿ. ಲೇ ಗ್ಯಾನ್ಯಾ, ನೀ ಮೊದಲ. ಎತ್ತಲೇ ಲುಂಗಿ."

ಹುಲಿಗವ್ವ ಕಸಬರಿಗೆ ಹಿಡಿದುಕೊಂಡೇ ಗೋಡೆಗೆ ಮುಖ ತಿರುಗಿಸಿದಳು. ಕಾಕಾ ಲುಂಗಿ ಎತ್ತಿದ. ಸಾಹುಕಾರ ಬಗ್ಗಿ ಗಂಟು ನೋಡಿದ, ಇಂಥ ಹಳೇ ಸಾಮಾನಿಗೆ ನಾನು ಯಾಕೆ ಕಂತು ಕಟ್ಟಲಿ ಎಂದು ವಿಮೆಯವನನ್ನು ಕೇಳಿ ನಕ್ಕ. ಕಾಕಾನಿಗೆ ಒಂದು ಹನಿಯೂ ಬರಲಿಲ್ಲ.

"ಎಲ್ಲಾ ಡಬ್ಬಿ ನನ್ನವ ಅದಾವ್ರಿ," ಎಂದೆ.

"ಹಂಗಾರ ಮೊದಲ ನಿನ್ನ ಹೆಸರ ಹೋತು." ಸಾಹುಕಾರ ಪೆನ್ನು ತೆಗೆದ.

ಕಾಕಾ ಲುಂಗಿ ಇಳಿಸಿ, ತುಂಬಲು ಬಂದು ನಿಂತಿದ್ದ ಲಾರಿಯ ಮುಂದಿದ್ದ ಚೀಲದ ಮೇಲೆ ಕುಳಿತ. "ಸಕ್ರಿ ಇದ್ದಾಂವಗ ಹಗರನ ಚೀಲ ಕೊಟ್ಟೀರೇನ್ರಿ ಸಾವ್ಕಾರ್ರ, ಇಷ್ಟು ವರ್ಷ? ಚೀಲ ಎಲ್ಲಾರಿಗೂ ಒಂದ ತೂಕ. ಕಂತೂ ಒಂದ ಇರ್ಲಿ. ಪಟ್ಟಿಯಾಗ ಬರದ್ರ ಇಪ್ಪತ್ತೆರಡೂ ಹೆಸರು ಬರೀರಿ. ಇಲ್ಲಾಂದ್ರ ಈ ಲಾರಿ ನೀವ ತುಂಬ್ರಿ."

ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಹುಲಿಗವ್ವ ಕಸಬರಿಗೆಯನ್ನು ಲಾರಿಯ ಗಾಲಿಗೆ ಒರಗಿಸಿ ಕುಳಿತಳು. ನಾನೂ ಕುಳಿತೆ. ನನ್ನ ಪಕ್ಕಕ್ಕೆ ಯಾರೂ ಬರಲಿಲ್ಲ.

"ನಿನಗ ಸಕ್ರಿ ಐತಂತ ಮೊದಲ ಗೊತ್ತಿತ್ತೇನಲೇ?" ಕಾಕಾ ಕೇಳಿದ.

ಹೇಮಗುಡ್ಡದಿಂದ ದಾರಿ ತಪ್ಪಿ ಬಂದ ಇರುವೆಗಳ ಕಥೆಯೊಂದು ನಾಲಗೆಯ ತುದಿಗೆ ಬಂದಿತ್ತು. ಕಾಕಾ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಎರಡು ವರ್ಷ ಆತು ಕಾಕಾ. ಹಿತ್ತಲದಾಗ ನಾ ಹೊಯ್ದಲ್ಲಿ ಇರುವಿ ಹತ್ತತಾವ. ಹೆಂಡ್ತಿ ಸಬೀನಾ ಏಳೂದ್ರಾಗ ಅದರ ಮ್ಯಾಲ ಬೂದಿ ಹಾಕತೀನಿ. ಮುಂಜಾನಿ ಡಬ್ಬಿ ಒಲ್ಲೆ ಅಂದಿದ್ರ, ಯಾಕ ಅಂತ ನೀವು ಕೇಳ್ತಿದ್ರಿ."

ನನಗೆ ಮತ್ತೆ ಗೋಡೆಯ ಹಿಂದೆ ಹೋಗಬೇಕಾಗಿತ್ತು. ಎದ್ದರೆ ಟೋಳಿ ಒಡೆಯಿತೆಂದು ಸಾಹುಕಾರ ತಿಳಿದಾನು ಎಂದು, ತೊಡೆ ಬಿಗಿಹಿಡಿದು ಕುಳಿತೇ ಇದ್ದೆ.