ಅರ್ಧ ಬರೆದ ಗುರುತು

ನಾನೊಂದು ಮೆಮೊರಿ ಕಾರ್ಡು. ಹುಟ್ಟಿದ್ದು ಧೂಳು ಸುಳಿಯದ ಕಾರ್ಖಾನೆಯಲ್ಲಿ, ಬದುಕಿದ್ದು ಗಂಗೊಳ್ಳಿಯ ಉಪ್ಪುಗಾಳಿಯಲ್ಲಿ. ಭಗವಂತ ಯಾರನ್ನು ಎಲ್ಲಿ ಇಡುತ್ತಾನೋ ಬಲ್ಲವರಾರು! ಮೀನುಗಾರಿಕೆಯ ಬೋಟೊಂದರಲ್ಲಿ ದಾರಿ ತೋರುವ ಜಿಪಿಎಸ್ ಯಂತ್ರದೊಳಗೆ ನನ್ನನ್ನು ಕೂರಿಸಿದರು. ವಿದ್ಯುತ್ತು ಹೋದರೂ ಮರೆಯದಿರುವುದು ನನ್ನ ಕುಲಧರ್ಮ.

ಬೋಟಿನ ತಾಂಡೇಲರು, ಎಂದರೆ ಚುಕ್ಕಾಣಿ ಹಿಡಿದು ನಡೆಸುವವರು, ಸೂರ ಮರಕಾಲರು. ನೀರಡಿಯ ಕಲ್ಲುಗಳಿಗೆಲ್ಲ ಅವರು ಹೆಸರಿಟ್ಟು ನನ್ನಲ್ಲಿ ಬರೆಸುತ್ತಿದ್ದರು. ಬಲೆಯನ್ನು ಹಿಡಿದರೆ ಬಿಡದ ಒಂದು ಕಲ್ಲು 'ಅತ್ತೆ ಕಲ್ಲು'.

ಬೋಟು ನಿಲ್ಲುವ ದಕ್ಕೆಗೆ ಬುಟ್ಟಿ ತಂದ ಅವರ ಹೆಂಡತಿ ಗಿರಿಜಮ್ಮ ಒಮ್ಮೆ ಕೇಳಿದರು: "ಕಂಡ್ ಕಲ್ಲಿಗೆಲ್ಲ ಹೆಸ್ರ್ ಇಟ್ರಿ. ನನ್ನ್ ಹೆಸ್ರ್ ಮಾತ್ರ ಇಲ್ಲೆ."

"ಬಲೆ ಹರಿವ ಕಲ್ಲಿಗೆ ನಿನ್ನ್ ಹೆಸ್ರಾ? ಒಳ್ಳೆ ಮೀನಿನ್ ಜಾಗ ಸಿಕ್ಲಿ, ಇಡ್ವ."

ಬರೆಯುವುದಕ್ಕೆ ನನ್ನದೊಂದು ಕ್ರಮವಿದೆ. ಮೊದಲು ಹಳೆಯ ಪುಟದ ನಕಲನ್ನು ಬದಿಗಿಡಬೇಕು. ಹೊಸದು ಮುಗಿದ ಮೇಲೆ ಆ ನಕಲನ್ನು ಅಳಿಸಬೇಕು. ನಡುವೆ ವಿದ್ಯುತ್ತು ನಿಂತರೆ, ಎಚ್ಚರವಾದಾಗ ನಕಲು ನೋಡಿ ಹಳೆಯದಕ್ಕೆ ಮರಳಬೇಕು. ಅಳಿಸಿದಷ್ಟೂ ನನ್ನ ಮೈ ಸವೆಯುತ್ತದೆ.

ಮರಕಾಲರದು ಬೇರೆ ಕ್ರಮ. ದಕ್ಕೆಗೆ ಬಂದು ಅಂದು ಕಂಡ ಜಾಗದ ಗುರುತಿಗೆ ಹೆಸರು ಕೊಟ್ಟವರೇ, "ಗಂಗೆಗೆ ಕೈ ಮುಗಿವತ್ತಿಗೆ ಇದ್ರ್ ಗುಂಯ್‌ಗುಡುದ್ ಎಂತಕ್ಕೆ?" ಎಂದು ಕೀಲಿ ತಿರುಗಿಸಿ ಯಂತ್ರ ಆರಿಸಿಬಿಡುತ್ತಿದ್ದರು. ನಾನು ಬರೆಯುತ್ತಿರುವಾಗಲೇ ಕತ್ತಲು! ಪ್ರತಿ ಸಲವೂ ತಡವರಿಸಿ ಎದ್ದೆ. ಮಳೆಗಾಲದ ರಜೆಗೆ ಮುಂಚಿನ ಕೊನೆಯ ದಿನ ಬೋಟು ತುಂಬ ಮೀನು. ನಗುನಗುತ್ತ ಏನನ್ನೋ ಬರೆಸಿದರು, ಕೀಲಿ ತಿರುಗಿಸಿದರು, ಕಡಲಿಗೆ ಕೈಮುಗಿದರು. ಅದೇ ವಾರ ಎದೆನೋವು ಬಂದು ದೇವರ ಪಾದ ಸೇರಿದರು.

ಮಳೆ ನಿಂತು ಕಡಲು ತೆರೆದಾಗ ಮರಕಾಲರ ತಮ್ಮ ಶೀನ ತಾಂಡೇಲನಾದ. ಕೀಲಿ ತಿರುಗಿಸಿದ. ನಾನು ಏಳಲಿಲ್ಲ. ನಕಲು ನನ್ನಲ್ಲೇ ಇತ್ತು. ಅದನ್ನು ಸ್ವಸ್ಥಾನಕ್ಕೆ ಸೇರಿಸಲು ಸವೆದ ಮೈಯಲ್ಲಿ ತ್ರಾಣವಿರಲಿಲ್ಲ.

ಅತ್ತಿಗೆ, ಮೈದುನ ಇಬ್ಬರೂ ಯಂತ್ರವನ್ನು ರಿಪೇರಿ ಮಾಡುವ ವಾದಿರಾಜನಲ್ಲಿಗೆ ಒಯ್ದರು. ಅವನು ನನ್ನನ್ನು ಹೊರತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದ.

"ಎಲ್ಲ ಅಳ್ಸಿ ಹೊಸ್ತ್ ಹಾಕುವ, ಗಿರ್ಜಕ್ಕ. ನಕಾಶೆ ಬತ್ತ್."

"ನಿನ್ನ್ ನಕಾಶೆಗೆ ಅತ್ತೆ ಕಲ್ಲ್ ಇತ್ತಾ?"

"ನನ್ನ್ ನಂಬಿ ಏಳ್ ಜನ ಬತ್ರ್ ಮಾರಾಯಾ," ಎಂದ ಶೀನ. "ಅಣ್ಣನ್ ಗುರ್ತ್ ಇಲ್ದಿರೆ ಕಣ್ಣ್ ಕಟ್ಕಂಡ್ ಕಡ್ಲಿಗಿಳ್ದಂಗೆ."

ವಾದಿರಾಜ ನನ್ನೊಳಗೆ ಹುಡುಕಿದ. "ಇಲ್ಲೊಂದ್ ಕಸ ಉಳ್ದಿತ್ತ್. ಇದನ್ ಅಳ್ಸ್ರೆ ಜಾಗ ಆತ್ತ್."

ಅದು ಆ ನಕಲು! ಅದು ಹೋದರೆ ಹಳೆಯದೂ ಹೊಸದೂ ಕಲಸಿ, ಕಲ್ಲಿದ್ದಲ್ಲಿ ನೀರು, ನೀರಿದ್ದಲ್ಲಿ ಕಲ್ಲು. ಕೂಗಲು ನನಗೆ ಬಾಯಿಲ್ಲ. ಅವನ ಬೆರಳು ಗುಂಡಿಯ ಮೇಲಿತ್ತು.

ಏನು ಹೊಳೆಯಿತೋ, ಕೇಳಿದ: "ಕಡಿ ದಿನ ಇದನ್ ಬಂದ್ ಮಾಡ್ದ್ ಹ್ಯಾಂಗೆ?"

"ಹ್ಯಾಂಗೆ ಅಂದ್ರೆ? ಕೀಲಿ ತಿರ್ಗ್ಸಿ ಗಂಗೆಗೆ ಕೈ ಮುಗುದ್ರ್. ಯಾವತ್ತೂ ಹಂಗೇ. ಭಕ್ತಿ ಮಾಡ್ದ್ ತಪ್ಪಾ?"

ಅವನು ಬೆರಳು ಹಿಂದೆಗೆದ. "ತಪ್ಪಲ್ಲ ಅಕ್ಕ. ಬರೆವುದ್ ಮುಗುಕ್ ಮುಂಚೆ ಕರೆಂಟ್ ಹೋಯ್ತ್, ಅಷ್ಟೆ. ಇದ್ ಕಸ ಅಲ್ಲ, ಹಳೆ ಪುಟ."

ನನ್ನಲ್ಲಿದ್ದುದನ್ನೆಲ್ಲ ಹಾಗೆಹಾಗೇ ಹೊಸ ಕಾರ್ಡಿಗೆ ಇಳಿಸಿ, ಅಲ್ಲಿ ಎಬ್ಬಿಸಿದ. ಹಳೆಯ ಪುಟ ತನ್ನ ಜಾಗಕ್ಕೆ ಮರಳಿತು.

"ಅತ್ತೆ ಕಲ್ಲ್ ಬಂತ್!" ಶೀನ ಕೂಗಿದ.

"ಅತ್ತೆ ಅಷ್ಟ್ ಸುಲ್ಭಕ್ಕೆ ಬಿಟ್ಟ್ ಹೋಪುದಾ?" ಗಿರಿಜಮ್ಮ ನಕ್ಕರು. ಆಮೇಲೆ ಮೆಲ್ಲಗೆ, "ಕಡಿ ದಿನದ್ದ್?"

"ಅದೊಂದ್ ಇಲ್ಲೆ ಅಕ್ಕ. ಪೂರ್ತಿ ಬರ್ದಿರ್ಲಿಲ್ಲೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಶೀನ, ಇನ್ ಮೊದ್ಲ್ ಕೈ ಮುಗಿ, ಆಮೇಲ್ ಕೀಲಿ."

"ಗುಂಯ್‌ಗುಡ್ತಲ್ದಾ ಅತ್ಗಿ?"

"ಗುಂಯ್‌ಗುಡ್ಲಿ. ಅದೂ ಕೈ ಮುಗಿತಿತ್ತ್ ಅಂದ್ಕಣ್."

ಈಗ ಶೀನನ ಬೋಟು ಕಲ್ಲು ತಪ್ಪಿಸಿ ಹೋಗಿಬರುತ್ತದೆ. ನಾನು ಗಿರಿಜಮ್ಮನ ದೇವರ ಗೂಡಿನಲ್ಲಿ, ಈಗ ಅವರು ಇಟ್ಟುಕೊಳ್ಳದ ಕುಂಕುಮದ ಭರಣಿಯೊಳಗಿದ್ದೇನೆ. ಸಂಜೆ ದೀಪ ಹಚ್ಚುವಾಗ ಮುಚ್ಚಳ ತೆರೆದು ನೋಡುತ್ತಾರೆ. ನನಗಿಲ್ಲಿಯೂ ನೆಮ್ಮದಿಯಿಲ್ಲ. ಮುಗಿಯದ ಆ ಬರಹ ನನ್ನ ಮೈಮೇಲೆ ಹಾಗೆಯೇ ಇದೆ. ಜಾಗದ ಅಂಕಿ ಅರ್ಧ; ಹೆಸರಿನದು ಒಂದೇ ಅಕ್ಷರ.

'ಗಿ'.