ನೀಲಿ ಅಂಚಿನ ಬೇಸಿನ್

ಟಕ್ ಅಂತು, ಅಲ್ಲ, ಹಲ್ಲಿ, ಬೇಸಿನ್ನಿನ ಸಪ್ಪಳ ಹೀಗಿರುವುದಿಲ್ಲ, ಇಮಾಮುದ್ದೀನ ಮಾಸ್ತರರೇ, ನನಗೆ ನಾನೇ ಹೇಳಿಕೊಂಡೆ, ಕಣ್ಣು ಹಾಳೆಯ ಮೇಲಿರಲಿ — ಶರೀರವು ವಿಷವನ್ನು ಹೊರಹಾಕುವುದು, ಇದಕ್ಕೆ ಅರಬ್ಬಿಯಲ್ಲಿ ಇಖ್ರಾಜ್ ಅನ್ನಲೇ, ಇತ್ರಾಹ್ ಅನ್ನಲೇ, ಡಾಕ್ಟರ್ ಪಂಢರಿನಾಥರು ಬರುವ ತಿಂಗಳು ಕುವೈತಿನ ದವಾಖಾನೆಗೆ ಹೊರಟಿದ್ದಾರೆ, ನವಲಗುಂದದಾಗ ಅರಬ್ಬಿ ಬಲ್ಲವ್ರು ನೀವೊಬ್ರ ನೋಡ್ರಿ, ಇವಿಷ್ಟು ಶಬ್ದ ಮಾಡಿ ಕೊಡ್ರಿ, ಅಂದವರೇ ಇವತ್ತು ಬೆಳಿಗ್ಗೆ ಒಳಗೆ ರೇಷ್ಮಾಬಿಯ ಬಾತ ಕಾಲು ಒತ್ತಿ ನೋಡಿ, ಕಿಡ್ನಿ ಕೆಲಸ ನಿಲ್ಲಿಸ್ಯಾವ್ರಿ, ಇಂಜೆಕ್ಷನ್ ಕೊಟ್ಟೇನಿ, ಸಂಜಿತನಕ ಮೂತ್ರ ಆತಂದ್ರ ನಿಮ್ಮ ಮನಿಯವ್ರು ಉಳದ್ರು ಅಂತ ತಿಳೀರಿ, ಅಂದರು — ಕಿಡ್ನಿ, ಕುಲ್ಯಾ, ಮುಂದಿನ ಶಬ್ದ. ಬಾಜೂ ಮನೆಯ ಸಾವಿತ್ರೆವ್ವ ಬೇಸಿನ್ ಇಟ್ಟುಕೊಂಡು ಒಳಗೆ ಕೂತಿದ್ದಾಳೆ, ನೀರ ಬಿದ್ದ ಕೂಡ್ಲೆ ಒದರತೇನ್ರಿ ಅಣ್ಣಾರ, ನೀವು ಹೊರಗ ಕುಂದರ್ರಿ, ಕೂತಿದ್ದೇನೆ, ಬೇರೇನು ಮಾಡಲಿ, ನಾನು ಕಲಿತ ಅರಬ್ಬಿಯೆಲ್ಲ ಉಚ್ಚೆ ಹೊಯ್ದ ಮೇಲೆ ನಮಾಜಿಗೆ ಮೈ ತೊಳೆಯುವುದು, ಹೆಣ ತೊಳೆಯುವುದು, ರೇಷ್ಮಾಬಿ ನಗುತ್ತಿದ್ದಳು, ಅಷ್ಟ್ ದಪ್ಪ ಕಿತಾಬಿನಾಗ ಬರೇ ಉಚ್ಚಿ ಸುದ್ದಿ ಏನ್ರಿ, ಈಗ ನಗು ಬೇ, ನಕ್ಕು ತೋರಿಸು.

ಇದು ರಸಾಯನದ ಶಬ್ದ, ವಸ್ತುವಿನಿಂದ ನೀರು ಕಳಚಿ ಹೋಗುವುದು, ಹಜ್ಫ್, ನೀರು ಹೋದ ಮೇಲೆ ಉಳಿಯುವುದು ಮೊದಲಿನ ವಸ್ತುವಲ್ಲ, ಬೇರೆಯೇ — ಥೂ, ಇದನ್ನು ಇವತ್ತೇ ಬರೆಯಬೇಕೇ, ಹಾಗಾದರೆ ಮಂಚದ ಮೇಲೆ ಉಳಿಯುವವಳು ಯಾರು, ಹೆದರಿಕೆ ಆಗುತ್ತಿದೆ, ಹಾಡಹಗಲು, ಅಪ್ಪನ ಹೆಣ ತೊಳೆದ ದಿನವೂ ಹೀಗೇ ಬಿಸಿಲು, ಮೀರಾಸಾಬ ಚಾಚಾ ನನಗೆ ಹೇಳಿದರು, ಹೊಟ್ಟಿ ಮೆಲ್ಲಗ ಒತ್ತಪಾ, ಒಳಗ ನಿಂತದ್ದು ಹೊರಗ ಬರ್ಲಿ, ಒತ್ತಿದೆ, ಹಲಗೆಯಿಂದ ನೀರು ಸುರಿಯಿತು, ಅಪ್ಪ ಬದುಕಿದ ಅಂದುಕೊಂಡೆ, ಹುಚ್ಚ, ಜೀವ ಹೋದ ಮೈ ಎಲ್ಲವನ್ನೂ ಬಿಡುತ್ತದೆ, ಹಿಡಿದುಕೊಳ್ಳುವವರು ಒಳಗಿರುವುದಿಲ್ಲವಲ್ಲ — ತಡೆ, ಸಪ್ಪಳ, ಹಲ್ಲಿಯಲ್ಲ, ಬೇಸಿನ್ನಿಗೆ ನೀರು, ಸುರಿಯುತ್ತಿದೆ, ಬಂತು, ಯಾ ಅಲ್ಲಾ, ಬಂತು, ಉಳಿದಳು, ಡಾಕ್ಟರಿಗೆ ಹೇಳಬೇಕು, ಎಲ್ಲ ಶಬ್ದ ಮಾಡಿ ಕೊಡುತ್ತೇನೆ, ಸುರಿಯುತ್ತಲೇ ಇದೆ, ನಿಂತಿತು, ಸಾವಿತ್ರೆವ್ವ ಒದರಲಿಲ್ಲ, ಒದರುತ್ತೇನೆ ಅಂದಿದ್ದಳು, ಒದರು ತಂಗೀ, ಬಾಗಿಲಲ್ಲಿ ಬಂದು ನಿಂತಳು, ಸೆರಗು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಬೇಸಿನ್, ತುಂಬಿದೆ, ತುಂಬಿದೆಯಲ್ಲ, ಯಾಕೆ ಅಳುತ್ತೀ, ನೀಲಿ ಅಂಚು, ಅಂಚಿನವರೆಗೆ ನೀರು, ಇನ್ನೂ ಅಲುಗುತ್ತಿದೆ, ನೀಲಿ ಅಂಚು